ಸರ್ಕಾರಿ ಗಾಡಿ ಒಂದು ಕಿಲೋಮೀಟರ್ ಓಡಲು ಎಷ್ಟು ಖರ್ಚು? ಲೆಕ್ಕ ಇಟ್ಟವರು ಇದ್ದರೆ ಹೇಳಿ

ಲಾಗ್‌ಬುಕ್_ಗುಮಾಸ್ತ:

ನಮಸ್ಕಾರ. ನಾನು ಒಂದು ಜಿಲ್ಲಾ ಮಟ್ಟದ ಕಚೇರಿಯಲ್ಲಿ ವಾಹನಗಳ ಫೈಲ್ ನೋಡುವ ಪ್ರಥಮ ದರ್ಜೆ ಸಹಾಯಕ, ಅಂದರೆ ಎಫ್‌ಡಿಎ. ಇಲಾಖೆ, ಊರು ಬೇಡ. ನಮ್ಮಲ್ಲಿ 11 ಗಾಡಿ ಇವೆ. ಏಳು ಬೊಲೆರೋ, ಎರಡು ಹಳೇ ಸುಮೋ, ಒಂದು ಟೆಂಪೋ ಟ್ರಾವೆಲರ್, ಒಂದು ಇನ್ನೋವಾ. ನಿಜವಾಗಿ ಓಡುವುದು ಎಂಟು. ಉಳಿದ ಮೂರು ಕಾಂಪೌಂಡ್ ಗೋಡೆ ಪಕ್ಕ ನಿಂತಿವೆ.

ಮೊನ್ನೆ ಒಂದು ಸುಮೋದ ಚಾಸಿ ನಂಬರ್ ಬರೆದುಕೊಳ್ಳಲು ಹೋದೆ. ಟೈರಿನ ಗಾಳಿ ಹೋಗಿ ರಿಮ್ ಮಣ್ಣಿಗೆ ಇಳಿದಿದೆ. ಬಾನೆಟ್ ಎತ್ತಿದರೆ ಬ್ಯಾಟರಿ ಇಲ್ಲ, ಆ ಜಾಗದಲ್ಲಿ ಇರುವೆ ಗೂಡು. ಗ್ರಿಲ್ ಸಂದಿಯಿಂದ ಲಂಟಾನ ತಲೆ ಹಾಕಿದೆ. ಲಾಗ್‌ಬುಕ್ ತೆಗೆದು ನೋಡಿದರೆ ಕೊನೇ ನಮೂದು 2019ರ ಆಗಸ್ಟ್. "ಕ್ಲಚ್ ಪ್ಲೇಟ್ ಹೋಗಿದೆ, ಎಸ್ಟಿಮೇಟ್ ಸಲ್ಲಿಸಿದೆ" ಎಂದು ಚಾಲಕರ ಕೈಬರಹ. ಎಸ್ಟಿಮೇಟ್ ಇದ್ದದ್ದು 18 ಸಾವಿರ. ಮಂಜೂರಾತಿ ಬರಲೇ ಇಲ್ಲ. ಅವತ್ತು 18 ಸಾವಿರ ಸಿಕ್ಕಿದ್ದರೆ ಗಾಡಿ ಓಡುತ್ತಿತ್ತು. ಇಲ್ಲ, ಅವತ್ತೇ ಹರಾಜು ಹಾಕಿದ್ದರೆ ಒಂದು ಲಕ್ಷದ ಮೇಲೆ ಬರುತ್ತಿತ್ತು. ಎರಡೂ ಆಗಲಿಲ್ಲ. ಈಗ ಅದು ಬರೀ ಕಬ್ಬಿಣ.

ಆ ದಿನದಿಂದ ತಲೆಯಲ್ಲಿ ಒಂದೇ ಪ್ರಶ್ನೆ. ನಮ್ಮ ಗಾಡಿಗಳಿಗೆ ಕಿಲೋಮೀಟರಿಗೆ ಎಷ್ಟು ಖರ್ಚಾಗುತ್ತಿದೆ? ಹುಡುಕಿದೆ, ಎಲ್ಲೂ ಇಲ್ಲ. ಯಾಕೆಂದರೆ ಡೀಸೆಲ್ಲು, ರಿಪೇರಿ 195 ಸಾರಿಗೆ ವೆಚ್ಚ ಎಂಬ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ. ಕಾಯಂ ಚಾಲಕರ ಸಂಬಳ ಸಂಬಳದ ಬಿಲ್ಲಿನಲ್ಲಿ. ಹೊರಗುತ್ತಿಗೆ ಚಾಲಕರದ್ದು ಇನ್ನೊಂದು ಶೀರ್ಷಿಕೆ. ಖರೀದಿ ಮತ್ತೊಂದು ಕಡೆ, ಅದೂ ಯಾವುದೋ ಹಳೇ ವರ್ಷದ್ದು. ನಾಲ್ಕು ಫೈಲು, ನಾಲ್ಕು ಟೇಬಲ್ಲು. ಒಂದು ಗಾಡಿಗೆ ಒಟ್ಟು ಇಷ್ಟು ಎಂದು ಒಂದೇ ಹಾಳೆಯಲ್ಲಿ ಯಾರೂ ಬರೆದಿಲ್ಲ.

ನಾನೇ ಕೂತು ಅಂದಾಜು ಹಾಕಿದೆ. ಗಾಡಿ 10 ಲಕ್ಷದ್ದು, ಹತ್ತು ವರ್ಷ ಓಡಿಸಿ ಒಂದು ಲಕ್ಷಕ್ಕೆ ಮಾರಿದರೆ ತಿಂಗಳಿಗೆ 7,500 ಸವಕಳಿ. ಹೊರಗುತ್ತಿಗೆ ಚಾಲಕರಿಗೆ 20 ಸಾವಿರ. ಲೀಟರಿಗೆ 12 ಕಿ.ಮೀ., ಡೀಸೆಲ್ 90 ರೂಪಾಯಿ ಎಂದು ಹಿಡಿದೆ. ತಿಂಗಳಿಗೆ 1,000 ಕಿ.ಮೀ. ಓಡಿದರೆ ಡೀಸೆಲ್ 7,500. ವಿಮೆ, ಟೈರು, ಸರ್ವಿಸು ಸೇರಿ 4,000. ಒಟ್ಟು 39 ಸಾವಿರ, ಅಂದರೆ ಕಿಲೋಮೀಟರಿಗೆ 39 ರೂಪಾಯಿ. ಅದೇ ಗಾಡಿ 2,500 ಕಿ.ಮೀ. ಓಡಿದರೆ, ಸರ್ವಿಸಿಗೆ ಎರಡು ಪಟ್ಟು ಹಿಡಿದರೂ, 22 ರೂಪಾಯಿಗೆ ಇಳಿಯುತ್ತದೆ.

ಅಂದರೆ ಜಾಸ್ತಿ ಓಡುವ ಗಾಡಿಗಿಂತ ಸುಮ್ನೆ ನಿಲ್ಲುವ ಗಾಡಿಯೇ ದುಬಾರಿ. ಆದರೆ ನಮ್ಮ ಸುತ್ತೋಲೆಗಳೆಲ್ಲ ಡೀಸೆಲ್ ಮಿತಿ ಬಗ್ಗೆಯೇ ಮಾತಾಡುತ್ತವೆ. ನನ್ನ ಲೆಕ್ಕ ಸರಿಯಾ? ನಿಮ್ಮ ಕಡೆ ಹೇಗೆ?

ಘಟಕದ_ಮೆಕ್ಯಾನಿಕ್:

ಲೆಕ್ಕ ಸರಿ ಇದೆ ಸರ್. ನಾನು ಕೆಎಸ್‌ಆರ್‌ಟಿಸಿ ಘಟಕದಲ್ಲಿ ತಾಂತ್ರಿಕ ಸಿಬ್ಬಂದಿಯಾಗಿ ಇದ್ದು ನಿವೃತ್ತನಾದವನು. ನೀವು ಹುಡುಕುತ್ತಿರುವ ಅಂಕಿಗೆ ನಮ್ಮಲ್ಲಿ ಸಿಪಿಕೆಎಂ ಎನ್ನುತ್ತೇವೆ, ಕಿಲೋಮೀಟರಿಗೆ ಆಗುವ ಖರ್ಚು. ಅದರ ಜೋಡಿ ಇಪಿಕೆಎಂ, ಕಿಲೋಮೀಟರಿಗೆ ಬರುವ ಆದಾಯ. ಪ್ರತಿ ಘಟಕಕ್ಕೂ ಇದು ಬಾಯಿಪಾಠ. ಕಚೇರಿ ಗಾಡಿಗೆ ಆದಾಯ ಇಲ್ಲ, ಸರಿ. ಆದರೆ ಖರ್ಚು ಇದೆಯಲ್ಲ.

ನಮ್ಮ ಡೀಸೆಲ್ ಬಂಕಿನ ಪಕ್ಕ ಒಂದು ಕಪ್ಪು ಹಲಗೆ ಇತ್ತು. ಬೆಳಿಗ್ಗೆ ಆರಕ್ಕೆ ಅದರ ಮೇಲೆ ಸೀಮೆಸುಣ್ಣದಲ್ಲಿ ಬಸ್ ನಂಬರ್, ಚಾಲಕರ ಬಿಲ್ಲೆ ನಂಬರ್, ನಿನ್ನೆಯ ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿ.ಮೀ. ಓಡಿತು ಎಂದು. ಒಂದೇ ಬಸ್ಸು, ಒಂದೇ ರೂಟು, ಒಬ್ಬರಿಗೆ 5.4 ಬಂದರೆ ಇನ್ನೊಬ್ಬರಿಗೆ 4.9. ಬೈಯುವ ಹಾಗಿಲ್ಲ. ಮೊದಲು ಗಾಡಿ ನೋಡಬೇಕು. ಬ್ರೇಕ್ ಹಿಡಿದಿದೆಯಾ, ಟೈರ್ ಗಾಳಿ ಎಷ್ಟಿದೆ, ಏರ್ ಫಿಲ್ಟರ್ ಕಟ್ಟಿದೆಯಾ. ಗಾಡಿ ಸರಿ ಇದ್ದರೆ ಮಾತ್ರ ಚಾಲಕರ ಜೊತೆ ಒಬ್ಬ ಬೋಧಕರನ್ನು ಕೂರಿಸಿ ಎರಡು ದಿನ ಕಳಿಸುವುದು. ಕ್ಲಚ್ ಮೇಲೆ ಕಾಲಿಟ್ಟು ಓಡಿಸುವ ಅಭ್ಯಾಸ ಇದ್ದವರೇ ಜಾಸ್ತಿ ಸಿಗುತ್ತಿದ್ದರು.

ಕೆಎಂಪಿಎಲ್ 0.2 ಜಾಸ್ತಿ ಬಂದರೆ ಏನು ಮಹಾ ಎನ್ನಬೇಡಿ. ಬಸ್ ದಿನಕ್ಕೆ 350 ಕಿ.ಮೀ. ಓಡುತ್ತದೆ ಎನ್ನಿ. 5.0 ಕೊಟ್ಟರೆ 70 ಲೀಟರ್ ಬೇಕು. 5.2 ಕೊಟ್ಟರೆ 67.3 ಸಾಕು. ವರ್ಷಕ್ಕೆ 300 ದಿನ ಹಿಡಿದರೂ ಒಂದು ಬಸ್ಸಿಗೆ 800 ಲೀಟರ್ ಉಳಿಯಿತು. ನಿಮ್ಮ 90 ರೂಪಾಯಿ ದರದಲ್ಲೇ 72 ಸಾವಿರ. ನೂರು ಬಸ್ಸಿನ ಘಟಕಕ್ಕೆ 72 ಲಕ್ಷ. ಸೀಮೆಸುಣ್ಣದ ಖರ್ಚಿನಲ್ಲಿ ಬಂದ ಉಳಿತಾಯ ಇದು.

ಟೈರಿಗೂ ಹೀಗೆಯೇ. ಪ್ರತಿ ಟೈರಿಗೆ ನಂಬರ್ ಇರುತ್ತದೆ. ಹೊಸದಾಗಿ ಎಷ್ಟು ಓಡಿತು, ಸವೆದ ಮೇಲ್ಪದರ ಬದಲಿಸುವ ಮೊದಲ ರೀಟ್ರೆಡ್ ಆದಮೇಲೆ ಎಷ್ಟು, ಎರಡನೆಯದಕ್ಕೆ ಎಷ್ಟು, ಎಲ್ಲ ಕಾರ್ಡಿನಲ್ಲಿ. ಕಚೇರಿ ಗಾಡಿಗಳಲ್ಲಿ ಟೈರ್ ಬದಲಿಸಿದ ದಿನದ ಮೀಟರ್ ರೀಡಿಂಗ್ ಕೂಡ ಬರೆದಿರುವುದಿಲ್ಲ. ಬರೆದರೆ ಸಾಕು, ಅರ್ಧ ಕೆಲಸ ಆದ ಹಾಗೆ.

ಮಲೆನಾಡ_ಚಾಲಕ:

ನಾನು ಇಲಾಖೆ ಜೀಪ್ ಓಡಿಸುತ್ತೇನೆ. ನಾವು ಚಾಲಕರು ಕದಿಯುತ್ತೇವೆ ಎಂದೇ ಮಾತು ಶುರುವಾಗುವುದು ಎಲ್ಲ ಕಡೆ. ಇಲ್ಲಿ ಹಾಗೆ ಶುರುವಾಗಲಿಲ್ಲ, ಖುಷಿಯಾಯಿತು. ಕೆಲವು ವಿಷಯ ಹೇಳಬೇಕು.

ಬಿಎಸ್6 ಎಂಬ ಹೊಸ ಹೊಗೆ ನಿಯಮದ ಗಾಡಿ ಬಂದಮೇಲೆ ಕಥೆ ಬದಲಾಗಿದೆ. 2020ರ ಏಪ್ರಿಲ್ ನಂತರದ ಡೀಸೆಲ್ ಗಾಡಿಗಳಲ್ಲಿ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್. ಅದು ತಾನಾಗಿ ಸುಟ್ಟು ಸ್ವಚ್ಛ ಆಗಬೇಕಾದರೆ ಗಾಡಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷವಾದರೂ ಓಡಬೇಕು. ನಮ್ಮ ಗಾಡಿ ಏನು ಮಾಡುತ್ತದೆ? ಮನೆಯಿಂದ ಕಚೇರಿ 3 ಕಿ.ಮೀ. ಆಮೇಲೆ ಮೀಟಿಂಗ್ ಹಾಲ್ ಮುಂದೆ ಎರಡು ಗಂಟೆ ಏಸಿ ಹಾಕಿ ನಿಲ್ಲುವುದು. ಕಿಲೋಮೀಟರ್ ಸೊನ್ನೆ, ಡೀಸೆಲ್ ಖರ್ಚು, ಮೇಲೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಿತ್ತಳೆ ದೀಪ ಹೊತ್ತಿದಾಗ ಸಾಹೇಬರಿಗೆ ಹೇಳಿ ಹೈವೇಯಲ್ಲಿ ಒಂದು ರೌಂಡ್ ಹೋಗಿ ಬಂದರೆ ಸರಿಯಾಗುತ್ತದೆ. ಆದರೆ ಆ ರೌಂಡ್ ಲಾಗ್‌ಬುಕ್‌ನಲ್ಲಿ ಏನೆಂದು ಬರೆಯುವುದು? ಕಾರಣ ಇಲ್ಲದ ಓಡಾಟ ಎಂದು ಆಕ್ಷೇಪಣೆ ಬರುತ್ತದೆ. ಹಾಗಾಗಿ ಯಾರೂ ಹೋಗುವುದಿಲ್ಲ. ಕೊನೆಗೆ ಶೋರೂಮಿನಲ್ಲಿ ಸಾವಿರಗಟ್ಟಲೆ ಬಿಲ್ಲು.

ಆಡ್‌ಬ್ಲೂ ಎಂಬ ಹೊಗೆ ಶುದ್ಧ ಮಾಡುವ ದ್ರವ ಬಳಸುವ ದೊಡ್ಡ ಗಾಡಿಗಳವರು ಇನ್ನೂ ಹುಷಾರಾಗಿರಬೇಕು. ಬ್ರಾಂಡ್ ಇಲ್ಲದ ಕ್ಯಾನ್‌ನಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಹಾಕಿದರೆ ಒಳಗೆ ಹರಳು ಕಟ್ಟುತ್ತದೆ. 500 ರೂಪಾಯಿ ಉಳಿಸಲು ಹೋಗಿ ಇಂಜೆಕ್ಟರ್, ಪಂಪ್ ಎರಡೂ ಕಳೆದುಕೊಂಡ ಗಾಡಿ ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, ಬಂಕಿನ ಬಾಕಿ. ಬಿಲ್ಲು ಖಜಾನೆಯಿಂದ ಪಾಸಾಗುವುದು ತಡವಾದರೆ ಬಂಕಿನವರು ಉದ್ರಿ ಕೊಡುವುದಿಲ್ಲ. ಆಗ ನಾನು ಕೈಯಿಂದ 2,000 ಹಾಕಿ ಸಾಹೇಬರನ್ನು ಕರೆದುಕೊಂಡು ಹೋದದ್ದು ಎಷ್ಟೋ ಸಲ. ಆ ದುಡ್ಡು ವಾಪಸ್ ಬರುವಾಗ ಲಾಗ್‌ಬುಕ್‌ನಲ್ಲಿ ಹೊಂದಿಸಿ ಬರೆಯಬೇಕಾಗುತ್ತದೆ. ಅಲ್ಲಿಂದಲೇ ಸುಳ್ಳು ಶುರು. ಬಿಲ್ಲು ಸಮಯಕ್ಕೆ ಆದರೆ ಅರ್ಧ ಸುಳ್ಳು ತಾನಾಗಿ ನಿಲ್ಲುತ್ತದೆ.

ಬಯಲುಸೀಮೆ_ತೆರಿಗೆದಾರ:

ಇಷ್ಟೆಲ್ಲ ಯಾಕೆ? ಎಲ್ಲ ಗಾಡಿ ಮಾರಿ ಬಾಡಿಗೆಗೆ ತೆಗೆದುಕೊಂಡರೆ ಆಯಿತಲ್ಲ. ಖರೀದಿ ಇಲ್ಲ, ರಿಪೇರಿ ಇಲ್ಲ, ಲಂಟಾನ ಬೆಳೆಯುವುದೂ ಇಲ್ಲ. ಮೇಲಿನವರು ದುಬಾರಿ ಗಾಡಿ ತೆಗೆದುಕೊಳ್ಳುವುದನ್ನು ಮೊದಲು ನಿಲ್ಲಿಸಲಿ. 2023ರಲ್ಲಿ ಬರ ಇದ್ದ ವರ್ಷ ಮಂತ್ರಿಗಳಿಗೆ 33 ಇನ್ನೋವಾ ಹೈಕ್ರಾಸ್‌ಗೆ 9.9 ಕೋಟಿ ಮಂಜೂರಾಯಿತು. ತಾಲ್ಲೂಕು ಕಚೇರಿಯ ಬೊಲೆರೋ ಲೆಕ್ಕ ಹಿಡಿದು ಏನು ಪ್ರಯೋಜನ?

ಆಡಿಟ್_ಅಕ್ಕ:

ನಾನು ಲೆಕ್ಕ ಪರಿಶೋಧನೆಯಲ್ಲಿ ಇರುವವಳು. ಮೇಲಿನ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಆ 33 ಗಾಡಿಯ ಚರ್ಚೆ ಬೇಕು. ಸರ್ಕಾರಿ ಖರೀದಿಗೆ ಟೆಂಡರ್ ಬೇಕು ಎನ್ನುವ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿ ಕೊಟ್ಟು ಟೆಂಡರ್ ಇಲ್ಲದೆ ತೆಗೆದುಕೊಂಡದ್ದನ್ನು ಜನ ಕೇಳಲೇಬೇಕು. ಆದರೆ ಅದು ಒಮ್ಮೆ ಆಗುವ ಖರ್ಚು, ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ್ದು ರಾಜ್ಯದ ಉದ್ದಗಲಕ್ಕೂ ಪ್ರತಿ ತಿಂಗಳು ಆಗುವ ಖರ್ಚು. ಗುಮಾಸ್ತರು ಅದನ್ನು ಹಿಡಿದಿದ್ದಾರೆ. ಅದಕ್ಕೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ಬಾಡಿಗೆ ವಿಷಯ. ಬಾಡಿಗೆ ಗಾಡಿಯ ಫೈಲುಗಳನ್ನು ಸಾಕಷ್ಟು ನೋಡಿದ್ದೇನೆ. ತಿಂಗಳಿಗೆ 2,000 ಕಿ.ಮೀ.ಗೆ ಚಾಲಕ, ಡೀಸೆಲ್ ಎಲ್ಲ ಸೇರಿ 40 ಸಾವಿರ ಎಂದು ದರ ಹಾಕಿದವರಿಗೆ ಟೆಂಡರ್ ಸಿಗುತ್ತದೆ ಎನ್ನಿ. 15 ಸಾವಿರ ಡೀಸೆಲ್‌ಗೆ ಹೋಯಿತು. ಚಾಲಕನಿಗೆ 15 ಕೊಟ್ಟರೆ ಉಳಿಯುವುದು 10. ಅದರಲ್ಲಿ ಸಾಲದ ಕಂತು, ವಿಮೆ, ತೆರಿಗೆ, ಟೈರು. ಆಗುವ ಮಾತಲ್ಲ. ಹಾಗಾದರೆ ಆತ ಏನು ಮಾಡುತ್ತಾನೆ? ಹಳೇ ಗಾಡಿ ಕಳಿಸುತ್ತಾನೆ, ಚಾಲಕನ ಸಂಬಳ ಹಿಡಿಯುತ್ತಾನೆ, ಇಲ್ಲ ಓಡದ ಕಿಲೋಮೀಟರ್ ಬರೆಸುತ್ತಾನೆ. ಕಡಿಮೆ ದರ ಎಂದು ನಾವೇ ಬಾಗಿಲು ತೆರೆದಿರುತ್ತೇವೆ. ಎಷ್ಟೋ ಕಡೆ ಹಳದಿ ಬೋರ್ಡ್ ಇರಬೇಕಾದ ಜಾಗದಲ್ಲಿ ಬಿಳಿ ಬೋರ್ಡ್ ಗಾಡಿ. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದೇ ಅದನ್ನು.

ಬಾಡಿಗೆ ಕೆಟ್ಟದ್ದು ಎನ್ನುತ್ತಿಲ್ಲ. ಸ್ವಂತ ಗಾಡಿಗೆ ಕಿಲೋಮೀಟರಿಗೆ ಎಷ್ಟು ಎಂದು ಗೊತ್ತಿಲ್ಲದವರು ಬಾಡಿಗೆ ದರ ಕಡಿಮೆಯೋ ಜಾಸ್ತಿಯೋ ಎಂದು ಹೇಗೆ ಹೇಳುತ್ತಾರೆ? ಅದು ನನ್ನ ಪ್ರಶ್ನೆ.

ಲಾಗ್‌ಬುಕ್ ನೋಡುವಾಗ ನಾವು ಏನು ನೋಡುತ್ತೇವೆ ಎಂದೂ ಹೇಳುತ್ತೇನೆ, ಎಲ್ಲರಿಗೂ ಉಪಯೋಗ. ಮೊದಲು, ನಿನ್ನೆ ಸಂಜೆಯ ಮೀಟರ್ ಇವತ್ತು ಬೆಳಿಗ್ಗೆಯದಕ್ಕೆ ಕೂಡುತ್ತದೆಯಾ. ಆಮೇಲೆ "ಸ್ಥಳೀಯ ಓಡಾಟ 60 ಕಿ.ಮೀ." ಎಂಬ ನಮೂದು ವಾರಕ್ಕೆ ಎಷ್ಟು ಸಲ ಬರುತ್ತದೆ. ಆಮೇಲೆ ಬಹಳ ಮುಖ್ಯವಾದದ್ದು, ಒಂದೇ ದಿನ ಒಂದೇ ಊರಿಗೆ ಒಂದೇ ಸಭೆಗೆ ಎಷ್ಟು ಗಾಡಿ ಹೋಗಿವೆ. ಒಂದು ಜಿಲ್ಲೆಯಲ್ಲಿ ತಿಂಗಳ ಸಭೆಗೆ ಒಂದೇ ತಾಲ್ಲೂಕಿನಿಂದ ಐದು ಇಲಾಖೆಯ ಐದು ಗಾಡಿ, ಒಂದೊಂದರಲ್ಲಿ ಒಬ್ಬೊಬ್ಬರು. ಐದೂ ಲಾಗ್‌ಬುಕ್ ಬೇರೆ ಬೇರೆಯಾಗಿ ನೋಡಿದರೆ ಒಂದರಲ್ಲೂ ತಪ್ಪಿಲ್ಲ. ಜೋಡಿಸಿ ನೋಡಿದಾಗಲೇ ಗೊತ್ತಾಗುವುದು.

ಬಯಲುಸೀಮೆ_ತೆರಿಗೆದಾರ:

ಒಪ್ಪುತ್ತೇನೆ ಅಕ್ಕ. ಬಾಡಿಗೆ ದರದ ಒಳಲೆಕ್ಕ ನಾನು ಯೋಚಿಸಿರಲಿಲ್ಲ. ಹಾಗಾದರೆ ಐದು ಗಾಡಿ ಜೋಡಿಸುವುದು ಹೇಗೆ? ಒಬ್ಬ ಅಧಿಕಾರಿ ಇನ್ನೊಬ್ಬರ ಗಾಡಿಯಲ್ಲಿ ಕೂರುತ್ತಾರಾ?

ಲಾಗ್‌ಬುಕ್_ಗುಮಾಸ್ತ:

ಇಲ್ಲೇ ನಿಜವಾದ ಕಷ್ಟ. ಗಾಡಿ ಅಂದರೆ ಓಡಾಟ ಅಲ್ಲ, ಹುದ್ದೆ. "ನನ್ನ ಗಾಡಿ" ಎನ್ನುತ್ತಾರೆ, "ಕಚೇರಿ ಗಾಡಿ" ಎನ್ನುವುದಿಲ್ಲ. ನನ್ನ ಲೆಕ್ಕದಲ್ಲಿ ತಿಂಗಳಿಗೆ ಸಾವಿರ ಸಾವಿರ ಕಿ.ಮೀ. ಓಡುವ ಎರಡು ಗಾಡಿಗೆ 78 ಸಾವಿರ ಆಗುತ್ತದೆ. ಅದೇ ಓಡಾಟ ಒಂದೇ ಗಾಡಿಯಲ್ಲಿ ಆದರೆ 50 ಸಾವಿರದ ಒಳಗೆ. ತಿಂಗಳಿಗೆ 28 ಸಾವಿರ ಉಳಿತಾಯ, ವರ್ಷಕ್ಕೆ 3 ಲಕ್ಷದ ಮೇಲೆ, ಬರೀ ಒಂದು ಜೋಡಿಯಿಂದ. ಈ ಅಂಕಿಯನ್ನು ಟಿಪ್ಪಣಿಯಲ್ಲಿ ಬರೆದು ಮೇಲಕ್ಕೆ ಕಳಿಸಬೇಕು ಎಂದಿದ್ದೇನೆ. ಯಾರ ಗಾಡಿ ಕಿತ್ತುಕೊಳ್ಳಬೇಕು ಎಂದು ಬರೆಯುವುದಿಲ್ಲ. ಬುಕಿಂಗ್ ಪುಸ್ತಕ ಒಂದು ಇಡೋಣ, ಹಿಂದಿನ ದಿನ ಸಂಜೆ 5ರೊಳಗೆ ಎಲ್ಲಿಗೆ ಹೋಗುವುದು ಎಂದು ಬರೆಯಲಿ, ಅಷ್ಟೇ.

ವರ್ಜೀನಿಯಾ_ಕನ್ನಡಿಗ:

ಇಲ್ಲಿ ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಇದಕ್ಕೆ ಒಂದು ದಾರಿ ಮಾಡಿಕೊಂಡಿದ್ದಾರೆ. ಜಿಎಸ್‌ಎ ಎಂಬ ಸಂಸ್ಥೆ ಗಾಡಿ ಕೊಂಡು ಬೇರೆ ಇಲಾಖೆಗಳಿಗೆ ಗುತ್ತಿಗೆಗೆ ಕೊಡುತ್ತದೆ. ಇಲಾಖೆ ತಿಂಗಳಿಗೆ ಇಷ್ಟು, ಮೇಲೆ ಪ್ರತಿ ಮೈಲಿಗೆ ಇಷ್ಟು ಎಂದು ಕೊಡಬೇಕು. ಇಂಧನ, ರಿಪೇರಿ ಎಲ್ಲ ಅದರಲ್ಲೇ ಬಂತು. ಗಾಡಿ ಸುಮ್ಮನೆ ನಿಂತರೂ ತಿಂಗಳ ದುಡ್ಡು ಇಲಾಖೆಯ ಬಜೆಟ್‌ನಿಂದ ಹೋಗುತ್ತದೆ, ಹಾಗಾಗಿ ಬೇಡದ ಗಾಡಿಯನ್ನು ಅವರೇ ವಾಪಸ್ ಕೊಡುವ ಯೋಚನೆ ಮಾಡುತ್ತಾರೆ. ಇನ್ನೂ ಬೆಲೆ ಇರುವಾಗಲೇ ಹರಾಜಿನಲ್ಲಿ ಮಾರಿ ಆ ದುಡ್ಡನ್ನು ಹೊಸ ಗಾಡಿಗೆ ಹಾಕುತ್ತಾರೆ. ನಮ್ಮಲ್ಲಿ ನಿಂತ ಗಾಡಿಗೆ ಯಾರೂ ಏನೂ ಕೊಡಬೇಕಾಗಿಲ್ಲ, ಅದೇ ವ್ಯತ್ಯಾಸ ಅನ್ನಿಸುತ್ತದೆ.

ಘಟಕದ_ಮೆಕ್ಯಾನಿಕ್:

ಅದು ಸರಿಯಾದ ಮಾತು. ನಿಂತ ಗಾಡಿಗೆ ಬಾಡಿಗೆ ಬೀಳಬೇಕು.

ಕಲಬುರಗಿ_ಕಡೆಯವ:

15 ವರ್ಷದ ನಿಯಮದ ಬಗ್ಗೆ ಯಾರೂ ಹೇಳಲಿಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ಆದ ಸರ್ಕಾರಿ ಗಾಡಿಯ ನೋಂದಣಿ ನವೀಕರಣ ಇಲ್ಲ. ಕೇಂದ್ರದ್ದು, ರಾಜ್ಯದ್ದು, ಪಂಚಾಯಿತಿ, ನಗರಸಭೆ, ಸಾರಿಗೆ ನಿಗಮ ಎಲ್ಲಕ್ಕೂ ಇದೇ. ರಕ್ಷಣೆ ಮತ್ತು ಕಾನೂನು ಸುವ್ಯವಸ್ಥೆಯ ವಿಶೇಷ ಗಾಡಿಗಳಿಗೆ ಮಾತ್ರ ವಿನಾಯಿತಿ. ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಬೇಕು.

ನಿಯಮ ಒಳ್ಳೆಯದೇ. ಹೊಗೆ ಕಡಿಮೆಯಾಗುತ್ತದೆ, ಕಾಂಪೌಂಡ್ ಖಾಲಿಯಾಗುತ್ತದೆ. ಹೀಗೆ ಗುಜರಿ ಹಾಕಿದ ರಾಜ್ಯಗಳಿಗೆ ಕೇಂದ್ರದ 50 ವರ್ಷದ ಬಡ್ಡಿ ಇಲ್ಲದ ಸಾಲದಲ್ಲಿ ಒಂದು ಪಾಲನ್ನೂ ಇಟ್ಟಿದ್ದರು. ಆದರೆ ನಮ್ಮಲ್ಲಿ ಜನ ಇದನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. 15 ವರ್ಷ ಆಗುವವರೆಗೆ ಮುಟ್ಟುವುದೇ ಬೇಡ ಎಂದು ಕೂರುತ್ತಾರೆ. 15 ಎನ್ನುವುದು ಕೊನೆಯ ದಿನ, ಮಾರುವ ದಿನ ಅಲ್ಲ. 9-10 ವರ್ಷಕ್ಕೆ ಹರಾಜು ಹಾಕಿದರೆ ಕೊಂಡವನು ಓಡಿಸುತ್ತಾನೆ, ಹಾಗಾಗಿ ಬೆಲೆ ಕೊಡುತ್ತಾನೆ. 15 ದಾಟಿದ ಮೇಲೆ ಬರುವುದು ಕಬ್ಬಿಣದ ತೂಕದ ದುಡ್ಡು.

ಮತ್ತೆ ವಯಸ್ಸೊಂದೇ ಅಳತೆ ಆಗಬಾರದು. ನಮ್ಮ ಕಡೆ ಪೊಲೀಸ್ ಜೀಪ್ ಎಂಟೇ ವರ್ಷಕ್ಕೆ ನಾಲ್ಕು ಲಕ್ಷ ಕಿ.ಮೀ. ಓಡಿ ಸುಸ್ತಾಗಿರುತ್ತದೆ. ಪಕ್ಕದ ಕಚೇರಿಯ ಜೀಪ್ 14 ವರ್ಷಕ್ಕೆ 90 ಸಾವಿರ. ಎರಡಕ್ಕೂ ಒಂದೇ ಕೋಲು ಹಿಡಿದರೆ ಹೇಗೆ?

ಪಟ್ಟಣ_ಪಂಚಾಯಿತಿ_ಕೆಲಸದವ:

ಕಿಲೋಮೀಟರ್ ಕೋಲೂ ಎಲ್ಲ ಕಡೆ ನಡೆಯುವುದಿಲ್ಲ ಸರ್. ನಮ್ಮ ಹತ್ತಿರ ರಭಸದ ನೀರು ಬಿಟ್ಟು ಒಳಚರಂಡಿ ತೆರವು ಮಾಡುವ ಜೆಟ್ಟಿಂಗ್ ಗಾಡಿ ಇದೆ. ದಿನಕ್ಕೆ ಓಡುವುದು 12-15 ಕಿ.ಮೀ. ಆದರೆ ನಿಂತ ಜಾಗದಲ್ಲೇ ಇಂಜಿನ್ ಮೇಲೆ ಪಂಪ್ ಓಡುತ್ತದೆ, ಮೂರು ನಾಲ್ಕು ಗಂಟೆ. ಕೆಎಂಪಿಎಲ್ ಹಾಕಿದರೆ ಒಂದಕ್ಕಿಂತ ಕಡಿಮೆ ಬರುತ್ತದೆ. ಆಡಿಟ್‌ನಲ್ಲಿ ಪ್ರತಿ ವರ್ಷ ಇದೇ ಆಕ್ಷೇಪಣೆ, ಪ್ರತಿ ವರ್ಷ ಇದೇ ಉತ್ತರ. ಅಗ್ನಿಶಾಮಕ ಗಾಡಿಗೂ ಇದೇ ಪಾಡು ಅಲ್ವಾ? ಓಡುವುದು ಕಡಿಮೆ, ನಿಂತು ನೀರು ಎತ್ತುವುದು ಜಾಸ್ತಿ. ನಾವು ಏನು ಬರೆಯಬೇಕು?

ಆಡಿಟ್_ಅಕ್ಕ:

ನೀವು ಹೇಳುವುದು ನ್ಯಾಯ. ನಮಗೆ ಗಂಟೆಯ ದಾಖಲೆ ಕೊಡಿ, ಆಕ್ಷೇಪಣೆ ಬಿಡುತ್ತೇವೆ. ಕೊಡುವುದಿಲ್ಲ, ಅದಕ್ಕೇ ಬರೆಯುತ್ತೇವೆ.

ಬಿಎಂಟಿಸಿ_ಪ್ರಯಾಣಿಕೆ:

ಎಲೆಕ್ಟ್ರಿಕ್ ಬಗ್ಗೆ ಕೇಳಬೇಕಿತ್ತು. ಬೆಂಗಳೂರಿನಲ್ಲಿ ದಿನಾ ಎಲೆಕ್ಟ್ರಿಕ್ ಬಸ್ಸಿನಲ್ಲಿ ಓಡಾಡುತ್ತೇನೆ. ಸದ್ದಿಲ್ಲ, ನಡುಕ ಇಲ್ಲ, ಆರಾಮ. ಬಸ್ಸು ಕಂಪನಿಯದು, ಚಾಲಕರೂ ಅವರ ಕಡೆಯವರು, ನಿರ್ವಾಹಕರು ಬಿಎಂಟಿಸಿಯವರು, ನಿಗಮ ಕಿಲೋಮೀಟರಿಗೆ ಇಷ್ಟು ಎಂದು ಕೊಡುತ್ತದೆ. 2022ರಲ್ಲಿ ಐದು ನಗರಗಳು ಸೇರಿ ಕೇಂದ್ರ ಸರ್ಕಾರದ ಕಂಪನಿ ಸಿಇಎಸ್‌ಎಲ್ ಮೂಲಕ 5,450 ಬಸ್ಸಿಗೆ ಒಟ್ಟಿಗೆ ಟೆಂಡರ್ ಕರೆದದ್ದರಿಂದ ದರ ಇಳಿಯಿತು, ಬೆಂಗಳೂರಿಗೆ ಟಾಟಾದ 921 ಬಸ್ ಬಂದವು. ಕಚೇರಿ ಕಾರುಗಳಿಗೂ ಹೀಗೆ ಮಾಡಬಹುದಲ್ಲ?

ಘಟಕದ_ಮೆಕ್ಯಾನಿಕ್:

ಮಾಡಬಹುದು. ಆದರೆ ಗುತ್ತಿಗೆಯಲ್ಲಿ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಖಾತ್ರಿ ಕೊಟ್ಟಿರುತ್ತಾರೆ. ಟ್ರಾಫಿಕ್‌ನಲ್ಲಿ ಸಿಕ್ಕಿ ಅಷ್ಟು ಓಡದಿದ್ದರೂ ದುಡ್ಡು ಕೊಡಬೇಕು. ಘಟಕದಿಂದ ರೂಟಿಗೆ ಖಾಲಿ ಹೋಗುವ ಡೆಡ್ ಕಿಲೋಮೀಟರ್ ಕೂಡ ಹೊರೆ. ಹಾಗಾಗಿ ದರಕ್ಕಿಂತ ಷೆಡ್ಯೂಲ್ ಮಾಡುವವರ ಜಾಣತನ ಮುಖ್ಯ.

ಕಾರಿನ ಲೆಕ್ಕ ಹೀಗೆ. ಒಂದು ಯೂನಿಟ್‌ಗೆ 6 ಕಿ.ಮೀ. ಬಂದರೆ, ಯೂನಿಟ್ 9 ರೂಪಾಯಿ ಎಂದರೂ ಕಿಲೋಮೀಟರಿಗೆ ಒಂದೂವರೆ ರೂಪಾಯಿ. ಡೀಸೆಲ್ ಬೊಲೆರೋಗೆ ಏಳೂವರೆ. 6 ರೂಪಾಯಿ ವ್ಯತ್ಯಾಸ. ಆದರೆ ಗಾಡಿ ಬೆಲೆ ನಾಲ್ಕೈದು ಲಕ್ಷ ಜಾಸ್ತಿ ಎನ್ನಿ. ಅದು ವಾಪಸ್ ಬರಬೇಕಾದರೆ 70-80 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ 800 ಓಡುವ ಗಾಡಿಗೆ ಅದು ಏಳೆಂಟು ವರ್ಷ. 2,000 ಓಡುವ ಗಾಡಿಗೆ ಮೂರೇ ವರ್ಷ. ಮತ್ತೆ ಅದೇ ಮಾತಿಗೆ ಬಂದೆವು ನೋಡಿ. ಜಾಸ್ತಿ ಓಡುವ ಗಾಡಿಯನ್ನು ಎಲೆಕ್ಟ್ರಿಕ್ ಮಾಡಬೇಕು. ಆದರೆ ದೊಡ್ಡ ಸಾಹೇಬರ ಕಾರನ್ನೇ ಮೊದಲು ಮಾಡುತ್ತಾರೆ, ಅದು ಓಡುವುದೇ ಕಡಿಮೆ.

ಕೇಂದ್ರ ಸರ್ಕಾರದ ಇಂಧನ ಉಳಿತಾಯದ ಕಂಪನಿ ಇಇಎಸ್‌ಎಲ್ 2017ರಲ್ಲಿ 10,000 ಎಲೆಕ್ಟ್ರಿಕ್ ಕಾರಿಗೆ ಟೆಂಡರ್ ಕರೆದಿತ್ತು. ಮೊದಲು ಬಂದ ಕಾರುಗಳು ಒಂದು ಚಾರ್ಜ್‌ಗೆ ಹೆಚ್ಚು ದೂರ ಹೋಗುತ್ತಿರಲಿಲ್ಲ, ಅಧಿಕಾರಿಗಳು ಬೇಡ ಎಂದರು. ಗಾಡಿಯ ದೂರ, ಓಡಾಟದ ದೂರ ಹೊಂದಿಸಿ ನೋಡದೆ ಕೊಂಡರೆ ಹಾಗೆಯೇ. ಈಗಿನ ಕಾರುಗಳು ಬೆಟರ್. ಆದರೂ ಮೊದಲು ಆರು ತಿಂಗಳ ಲಾಗ್‌ಬುಕ್ ನೋಡಿ, ದಿನಕ್ಕೆ ಅತಿ ಹೆಚ್ಚು ಎಷ್ಟು ಓಡಿದೆ ಎಂದು.

ಮಲೆನಾಡ_ಚಾಲಕ:

ನಮ್ಮ ಘಟ್ಟಕ್ಕೆ ಮಾತ್ರ ಎಲ್ಲವನ್ನೂ ಬದಲಿಸಬೇಡಿ, ಎಲ್ಲವನ್ನೂ ಬಾಡಿಗೆಗೂ ಕೊಡಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಮೂರು ರಾತ್ರಿ ಗಾಡಿಯಲ್ಲೇ ಮಲಗಿದೆ. ಕರೆಂಟ್ ಇಲ್ಲ, ಫೋನ್ ಇಲ್ಲ. ಬಾಡಿಗೆ ಗಾಡಿಯವರು ಕೆಸರು ನೋಡಿ ವಾಪಸ್ ಹೋದರು. ಅವರದ್ದು ತಪ್ಪು ಎನ್ನುವುದಿಲ್ಲ, ಅವರ ಗಾಡಿ, ಅವರ ಸಾಲ. ನಮ್ಮ ಹಳೇ ನಾಲ್ಕು ಚಕ್ರದ ಡ್ರೈವ್ ಇರುವ ಜೀಪ್ ತಿಂಗಳಿಗೆ 600 ಕಿ.ಮೀ. ಓಡುವುದೂ ಕಷ್ಟ. ಕಿಲೋಮೀಟರ್ ಲೆಕ್ಕದಲ್ಲಿ ಅದು ಭಾರೀ ದುಬಾರಿ. ಆದರೆ ಅವತ್ತು ಒಬ್ಬ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ. ಆ ಗಾಡಿಯನ್ನು ಲೆಕ್ಕದ ಹಾಳೆ ನೋಡಿ ಹರಾಜು ಹಾಕಬೇಡಿ.

ಲಾಗ್‌ಬುಕ್_ಗುಮಾಸ್ತ:

ಖಂಡಿತ ಅಣ್ಣ. ಅಂಥ ಗಾಡಿಗೆ "ತುರ್ತು" ಎಂದು ಬೇರೆ ಗುರುತು ಹಾಕಬೇಕು. ದುಬಾರಿ ಎಂದು ಗೊತ್ತಿದ್ದೇ ಇಟ್ಟುಕೊಳ್ಳುವುದು ಬೇರೆ, ಗೊತ್ತಿಲ್ಲದೆ ಇಟ್ಟುಕೊಳ್ಳುವುದು ಬೇರೆ. ನಿಮ್ಮ ಮಾತನ್ನು ಟಿಪ್ಪಣಿಯಲ್ಲಿ ಸೇರಿಸುತ್ತೇನೆ.

ಲಾಗ್‌ಬುಕ್_ಗುಮಾಸ್ತ (ಐದು ವಾರದ ನಂತರ):

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳು ಹಾಳೆ ಇಟ್ಟೆ. ಪ್ರತಿ ಗಾಡಿಗೆ ಒಂದೇ ಸಾಲು. ತಿಂಗಳ ಕಿ.ಮೀ., ಡೀಸೆಲ್ ಲೀಟರ್, ರಿಪೇರಿ, ಚಾಲಕರ ಸಂಬಳ, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ವಿಮೆಯ ತಿಂಗಳ ಪಾಲು, ಸವಕಳಿ. ಕೊನೆಗೆ ಕಿಲೋಮೀಟರಿಗೆ ಎಷ್ಟು. ಎಂಟು ಗಾಡಿಯಲ್ಲಿ ಕಡಿಮೆ ಬಂದದ್ದು 24 ರೂಪಾಯಿ, ಕ್ಷೇತ್ರ ಭೇಟಿಗೆ ಹೋಗುವ ಬೊಲೆರೋ. ಜಾಸ್ತಿ ಬಂದದ್ದು 112 ರೂಪಾಯಿ. ಅದು ಇನ್ನೋವಾ, ಕಾಯಂ ಚಾಲಕರು ಇರುವುದು, ತಿಂಗಳಿಗೆ 640 ಕಿ.ಮೀ. ಮಾತ್ರ ಓಡಿದೆ.

ಎರಡು ಗಾಡಿಯ ಮೀಟರ್ ಕೆಟ್ಟಿತ್ತು. ವರ್ಷದಿಂದ ಅಂದಾಜಿನಲ್ಲೇ ಬರೆಯುತ್ತಿದ್ದರು. ರಿಪೇರಿ ಮಾಡಿಸಲು 3,200 ಆಯಿತು, ಅದನ್ನು ಮೊದಲು ಮಾಡಿಸಿದೆ. ಮೇಲಿನ ಅಧಿಕಾರಿ ಹಾಳೆ ನೋಡಿ ಐದು ನಿಮಿಷ ಸುಮ್ಮನೆ ಕೂತರು. ಆಮೇಲೆ "ಮುಂದಿನ ತಿಂಗಳೂ ತನ್ನಿ" ಎಂದರು. ಬುಕಿಂಗ್ ಪುಸ್ತಕಕ್ಕೆ ಒಪ್ಪಿಗೆ ಸಿಕ್ಕಿದೆ. ನಿಂತ ಮೂರು ಗಾಡಿಯಲ್ಲಿ ಎರಡಕ್ಕೆ 15 ದಾಟಿದೆ, ಗುಜರಿಗೆ ಪತ್ರ ಹೋಯಿತು. ಮೂರನೆಯದಕ್ಕೆ 11 ವರ್ಷ, ಮೋಟಾರು ವಾಹನ ನಿರೀಕ್ಷಕರು ಬಂದು ಬೆಲೆ ಕಟ್ಟಿದ ಮೇಲೆ ಹರಾಜು.

ಪಟ್ಟಣ_ಪಂಚಾಯಿತಿ_ಕೆಲಸದವ:

ಸಂತೋಷ ಸರ್. ನನ್ನ ಜೆಟ್ಟಿಂಗ್ ಗಾಡಿಗೆ ಉತ್ತರ ಇನ್ನೂ ಸಿಗಲಿಲ್ಲ. ಗಂಟೆ ಮೀಟರ್ ಇಲ್ಲ ಅದರಲ್ಲಿ.

ಘಟಕದ_ಮೆಕ್ಯಾನಿಕ್:

ಕ್ಷಮಿಸಿ, ನಾನೇ ಹೇಳಬೇಕಿತ್ತು. ಗಂಟೆ ಮೀಟರ್ ಹೊರಗಿನಿಂದ ಹಾಕಿಸಬಹುದು, ಜಾಸ್ತಿ ದುಡ್ಡಿನದಲ್ಲ. ಅದು ಬರುವವರೆಗೆ ಲಾಗ್‌ಬುಕ್‌ನಲ್ಲಿ ಎರಡು ಕಾಲಂ ಎಳೆಯಿರಿ. ಪಂಪ್ ಶುರು ಮಾಡಿದ ಸಮಯ, ನಿಲ್ಲಿಸಿದ ಸಮಯ. ಪಕ್ಕದಲ್ಲಿ ಯಾವ ಬೀದಿ, ಯಾವ ಮ್ಯಾನ್‌ಹೋಲ್ ಎಂದು ಬರೆದು ಆ ವಾರ್ಡಿನ ಮೇಸ್ತ್ರಿ ಸಹಿ ಹಾಕಿಸಿ.

ಆಮೇಲೆ ಒಂದು ದಿನ ಪರೀಕ್ಷೆ ಮಾಡಿ. ಬಂಕಿನಲ್ಲಿ ಟ್ಯಾಂಕ್ ಬಾಯಿವರೆಗೂ ತುಂಬಿಸಿ. ಬಂಕಿನ ಹತ್ತಿರವೇ ಎಲ್ಲಾದರೂ ನಿಲ್ಲಿಸಿ, ದಿನಾ ಇಡುವ ಒತ್ತಡದಲ್ಲೇ ಸರಿಯಾಗಿ ಎರಡು ಗಂಟೆ ಪಂಪ್ ಓಡಿಸಿ. ವಾಪಸ್ ಹೋಗಿ ಮತ್ತೆ ಬಾಯಿವರೆಗೂ ತುಂಬಿಸಿ. ಎಷ್ಟು ಹಿಡಿಯಿತೋ ಅದರ ಅರ್ಧ, ಗಂಟೆಗೆ ಆಗುವ ಖರ್ಚು. ಎಂಜಿನಿಯರನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡಿ, ಮಹಜರು ಬರೆಸಿ ಫೈಲಿಗೆ ಹಾಕಿ. ಅಕ್ಕ, ಇದು ನಿಮಗೆ ನಡೆಯುತ್ತದಾ?

ಆಡಿಟ್_ಅಕ್ಕ:

ನಡೆಯುತ್ತದೆ. ಮಹಜರಿನಲ್ಲಿ ದಿನಾಂಕ, ಬಂಕಿನ ಎರಡೂ ರಸೀದಿ ನಂಬರ್ ಇರಲಿ. ವರ್ಷಕ್ಕೊಮ್ಮೆ ಪರೀಕ್ಷೆ ಮತ್ತೆ ಮಾಡಿ, ಪಂಪ್ ಹಳೆಯದಾದ ಹಾಗೆ ಅಂಕಿ ಬದಲಾಗುತ್ತದೆ.

ಪಟ್ಟಣ_ಪಂಚಾಯಿತಿ_ಕೆಲಸದವ:

ಸೋಮವಾರ ಎಂಜಿನಿಯರ್ ಬರುತ್ತಾರೆ, ಅವತ್ತೇ ಮಾಡಿಸುತ್ತೇನೆ. ರಸೀದಿ ಸಿಕ್ಕ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ.